ಲೆಕ್ಕಕ್ಕುಂಟು, ಮತಕ್ಕಿಲ್ಲ

‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂಬ ಗಾದೆಯನ್ನರಿಯದ ಕನ್ನಡಿಗರಾರು? ನಮ್ಮ ಪುರಸಭೆಗಳಲ್ಲಿ ಇದಕ್ಕೆ ತೀರ ವಿಪರೀತವಾದ ಸ್ಥಾನವೊಂದುಂಟು. ಅಲ್ಲಿ ಕುಳಿತವನು ಲೆಕ್ಕಕ್ಕೆ ಬೇಕಾದವನು. ಆದರೆ ಮತದ ವೇಳೆಗೆ ಅವನು ಕೈ ಎತ್ತುವಂತಿಲ್ಲ.

ಲೆಕ್ಕಪತ್ರ ಬಲ್ಲ ಪುರವಾಸಿ ಸಭೆಯನ್ನು ಸೇರಲು ಎರಡು ಬಾಗಿಲುಗಳಿವೆ. ವಾರ್ಡಿನ ಮತದಾರರು ಆರಿಸಿದರೆ ಅವನು ಪೂರ್ಣಾಧಿಕಾರದ ಸದಸ್ಯ. ಪೌರಾಡಳಿತದಲ್ಲಿ ವಿಶೇಷ ಪರಿಜ್ಞಾನವುಳ್ಳವನೆಂದು ಸರಕಾರ ನಾಮಕರಣ ಮಾಡಿದರೆ ಚರ್ಚಿಸಬಹುದು, ಮತ ನೀಡಲಾಗದು. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ಹೀಗೆ ವಿಧಿಸಿದೆ.

ಬೆಳಗಾವಿ ಸೀಮೆಗೆ ಲೆಕ್ಕಿಗ ಹೊಸಬನಲ್ಲ. ಗೋಕಾಕ, ಹುಕ್ಕೇರಿ, ಮೂಡಲಗಿಗಳು ಮುಂಬಯಿ ಪ್ರಾಂತದಲ್ಲಿದ್ದಾಗ ಹಳ್ಳಿಯ ಕಂದಾಯದ ದಫ್ತರ ಕುಲಕರ್ಣಿಯ ಕೈಯಲ್ಲಿತ್ತು. ಮುಂಬಯಿ ಸರಕಾರದ 1950ರ ಶಾಸನ ಆ ವತನವನ್ನು ರದ್ದುಪಡಿಸಿತು. ಕುಲಕರ್ಣಿ ಸರಕಾರಕ್ಕೆ ಲೆಕ್ಕ ಒಪ್ಪಿಸುತ್ತಿದ್ದ. ಸಭೆಯೊಳಗಿನ ಲೆಕ್ಕಿಗನಾದರೋ ಊರಿನ ಪರವಾಗಿ ಲೆಕ್ಕ ಕೇಳಬೇಕಾದವನು. ಇಂದು ಗೋಕಾಕದಲ್ಲಿ ನಗರಸಭೆ, ಹುಕ್ಕೇರಿ ಮತ್ತು ಮೂಡಲಗಿಗಳಲ್ಲಿ ಪುರಸಭೆ ಇವೆ. ಮೂರಕ್ಕೂ 1964ರ ಕರ್ನಾಟಕ ಪುರಸಭೆಗಳ ಅಧಿನಿಯಮವೇ ಆಧಾರ.

ಅವನು ಕೇಳುವುದಾದರೂ ಏನನ್ನು? ಹಳೆಯ ರೋಕಡ ವಹಿಯಲ್ಲಿ ಬಂದ ಹಣ, ಹೋದ ಹಣ ಮಾತ್ರ ಕಾಣುತ್ತಿತ್ತು. ಬೀದಿದೀಪದ ಬಿಲ್ಲನ್ನು ವರ್ಷವಿಡೀ ಕಟ್ಟದೆ ಬಿಟ್ಟರೆ ತಿಜೋರಿ ತುಂಬಿದಂತೆ ತೋರುವುದು. ಸಾಲ ಮಾತ್ರ ಕತ್ತಲೆಯಲ್ಲಿ ಬೆಳೆಯುವುದು. 2006ರ ಪುರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳು ಜಮಾ-ಖರ್ಚುಗಳನ್ನು ಜೋಡಿಯಾಗಿ ಬರೆಯುವ ಪದ್ಧತಿಯನ್ನು ತಂದವು. ಅದರಿಂದ ಕೊಡಬೇಕಾದ ಬಾಕಿ, ಬರಬೇಕಾದ ತೆರಿಗೆ, ಊರಿನ ಆಸ್ತಿ ಎಲ್ಲವೂ ಒಂದೇ ತಖ್ತೆಯಲ್ಲಿ ಮುಖ ತೋರಿಸುತ್ತವೆ. ಆದರೆ ಆ ತಖ್ತೆಯನ್ನು ಓದಬಲ್ಲವರು ಸಭೆಯಲ್ಲಿ ಎಷ್ಟು ಮಂದಿ? ಓದಲಾರದವರಿಗೆ ಅದು ಕನ್ನಡಿಯಲ್ಲ, ಬರಿಯ ಗೋಡೆ.

ಹುಕ್ಕೇರಿಯ ನಿದರ್ಶನ ನೋಡಿರಿ. ಆ ತಾಲ್ಲೂಕಿನಲ್ಲಿ ವಿದ್ಯುತ್ತನ್ನು ಹಂಚುವುದು 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಅಲ್ಲಿ ದೀಪದ ಬಾಕಿ ಉಳಿದರೆ ಅದರ ಹೊರೆ ದೂರದ ಯಾವುದೋ ಕಂಪನಿಯ ಮೇಲಲ್ಲ, ಆ ನೆಲದ ಬಳಕೆದಾರರೇ ಸದಸ್ಯರಾದ ಸಂಘದ ಮೇಲೆ ಬೀಳುವುದು. ಗೋಕಾಕ ತಾಲ್ಲೂಕಿನಿಂದ ಬೇರ್ಪಟ್ಟು ತಾಲ್ಲೂಕು ಕೇಂದ್ರವಾದ ಮೂಡಲಗಿಯಲ್ಲಿ ಊರು ಬೆಳೆದಂತೆ ನೀರು, ಚರಂಡಿ, ದೀಪಗಳ ಖರ್ಚೂ ಬೆಳೆಯತಕ್ಕದ್ದೇ. ಇನ್ನು ಗೋಕಾಕ! 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಊರೊಳಗೆ ನುಗ್ಗಿದ್ದನ್ನು ಜನ ಮರೆತಿಲ್ಲ. ಇಂತಹ ಆಪತ್ತಿಗೆಂದು ಬಂದ ಅನುದಾನ ಆ ಕಾರ್ಯಕ್ಕೇ ಸಂದಿತೇ ಎಂದು ನಿಧಿವಾರು ಪರಿಶೀಲಿಸುವುದು ಲೆಕ್ಕ ಬಲ್ಲವನಿಗೆ ಕಠಿಣವಲ್ಲ.

ಒಂದು ಕಟ್ಟುಪಾಡೂ ಉಂಟು. ಪುರಸಭೆಯ ಗುತ್ತಿಗೆಯಲ್ಲಿ ಸ್ವಂತ ಲಾಭವಿದ್ದವನು ಸದಸ್ಯನಾಗಿರಲು ಅನರ್ಹ. ಆದುದರಿಂದ ಈ ಸೇವೆಗೆ ಬರುವ ಲೆಕ್ಕಿಗ ಪುರಸಭೆಯಿಂದ ಬರಬಹುದಾದ ವೃತ್ತಿಯ ಗಳಿಕೆಯನ್ನು ಬಿಟ್ಟು ಬರಬೇಕು. ನಾಮಕರಣದ ಸ್ಥಾನಗಳು ಪಕ್ಷದ ಋಣ ತೀರಿಸುವ ಸಾಧನಗಳಾದರೆ, ಅಂತಹವನಿಗೆ ಬಾಗಿಲು ತೆರೆಯುವವರಾರು?

ಮತವಿಲ್ಲದವನ ಮಾತಿಗೆ ಬೆಲೆಯೇನು ಎಂದು ವಾಚಕರು ಕೇಳಬಹುದು. ಅವನು ಸಭೆಯಲ್ಲಿ ಎತ್ತಿದ ಪ್ರಶ್ನೆ ನಡವಳಿ ಪುಸ್ತಕದಲ್ಲಿ ದಾಖಲಾದರೆ, 2005ರ ಮಾಹಿತಿ ಹಕ್ಕಿನ ಕಾನೂನಿನ ಬಲದಿಂದ ಯಾವ ಪುರವಾಸಿಯೂ ಅದರ ನಕಲನ್ನು ಪಡೆಯಬಹುದು. ಅವನಿಗೆ ಮತವಿಲ್ಲ, ನಿಜ. ಆದರೆ ಆ ಪ್ರಶ್ನೆಯನ್ನು ಓದಿದ ಊರಿಗೆ ಮತವಿದೆ.