ಹಳೆಯ ಲ್ಯಾಪ್‌ಟಾಪಿನ ಎರಡು ವ್ಯಾಧಿಗಳು

ಪ್ರಶ್ನೆ: ನನ್ನ ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ಅರ್ಧ ಗಂಟೆಯೂ ನಿಲ್ಲದು, ಪರದೆಯನ್ನು ಅಲುಗಿಸಿದರೆ ವೈ-ಫೈ ಕಡಿದುಹೋಗುತ್ತದೆ. ದುರಸ್ತಿ ಮಾಡಿಸಬಹುದೆ?

ಉತ್ತರ: ಅವಶ್ಯವಾಗಿ ಮಾಡಿಸಬಹುದು. ಬ್ಯಾಟರಿಯ ಕ್ಷಯವು ಕಾಲಧರ್ಮಕ್ಕೆ ಸೇರಿದುದು. 1991ರಲ್ಲಿ ಮೊದಲು ಮಾರುಕಟ್ಟೆಗೆ ಬಂದ ಲಿಥಿಯಂ-ಅಯಾನ್ ಕೋಶದಲ್ಲಿ, ವಿದ್ಯುತ್ತನ್ನು ತುಂಬಿ ಬರಿದುಮಾಡುವ ಪ್ರತಿಯೊಂದು ಆವರ್ತನದಲ್ಲಿಯೂ ಲಿಥಿಯಮಿನ ಅಲ್ಪಾಂಶವು ಋಣಧ್ರುವದ ಮೇಲಣ ಪೊರೆಯಲ್ಲಿ ಬಂಧಿತವಾಗಿ ನಿರುಪಯುಕ್ತವಾಗುತ್ತ ಬರುವುದರಿಂದ, ಸುಮಾರು 300ರಿಂದ 500 ಆವರ್ತನಗಳ ತರುವಾಯ ಅದರ ಧಾರಣಶಕ್ತಿಯು ಮೊದಲಿನ ಶೇ. 80ರಷ್ಟಕ್ಕೆ ಇಳಿಯುವುದು ಸಾಮಾನ್ಯ. ಸದಾ ಪೂರ್ಣ ಚಾರ್ಜಿನಲ್ಲಿ, ಅದೂ ಉಷ್ಣದಲ್ಲಿ ಇಟ್ಟರೆ ಈ ಕ್ಷಯವು ಇನ್ನೂ ಶೀಘ್ರ. ಹೊಸ ಬ್ಯಾಟರಿಯ ಹೊರತು ಇದಕ್ಕೆ ಪರಿಹಾರವಿಲ್ಲ. ಹಳೆಯದು ಉಬ್ಬಿದ್ದರಂತೂ ಬಳಕೆಯನ್ನು ತತ್‌ಕ್ಷಣವೇ ನಿಲ್ಲಿಸತಕ್ಕದ್ದು. ಅದನ್ನು ಚುಚ್ಚಕೂಡದು, ಕಸದ ಬುಟ್ಟಿಗೆ ಎಸೆಯಲೂಕೂಡದು, ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಒಪ್ಪಿಸಬೇಕು.

ಇನ್ನು ವೈ-ಫೈ. ಪರದೆ ಅಲುಗಿದಾಗಲೇ ಸಂಪರ್ಕವು ತಪ್ಪುವುದೆಂಬ ನಿಮ್ಮ ಸೂಕ್ಷ್ಮ ಅವಲೋಕನವೇ ಅರ್ಧ ನಿದಾನವಾಗಿದೆ: ಅನೇಕ ಲ್ಯಾಪ್‌ಟಾಪುಗಳಲ್ಲಿ ವೈ-ಫೈ ಕಾರ್ಡಿನಿಂದ ಹೊರಟ ತೆಳುವಾದ ಆಂಟೆನಾ ತಂತಿಗಳು ಪರದೆಯ ಕೀಲಿನೊಳಗಿಂದ ಹಾದು ಅದರ ಅಂಚನ್ನು ಸೇರುವುದರಿಂದ, ವರ್ಷಗಟ್ಟಲೆ ತೆರೆದು ಮುಚ್ಚಿದ ಯಂತ್ರದಲ್ಲಿ ಅವು ಅಲ್ಲಿಯೇ ಸವೆದು ಮುರಿಯುವ ಸಂಭವವುಂಟು. ಮೊದಲು ಅಗ್ಗದ ಯುಎಸ್‌ಬಿ ವೈ-ಫೈ ಅಡಾಪ್ಟರೊಂದನ್ನು ಸಿಕ್ಕಿಸಿ ನೋಡಿರಿ. ಅದರಲ್ಲಿ ಸಂಪರ್ಕವು ಸ್ಥಿರವಾಗಿ ನಿಂತರೆ ದೋಷವು ತಂತಿಯಲ್ಲೋ ಕಾರ್ಡಿನಲ್ಲೋ ಇರುವುದು ಬಹುಮಟ್ಟಿಗೆ ನಿಶ್ಚಯ. ಕಾರ್ಡನ್ನೇ ಬದಲಿಸುವುದಾದರೆ ಕೆಲವು ಹಳೆಯ ಮಾದರಿಗಳು ತಯಾರಕರು ಅನುಮೋದಿಸಿದ ಕಾರ್ಡುಗಳನ್ನಲ್ಲದೆ ಅನ್ಯವನ್ನು ಸ್ವೀಕರಿಸವೆಂಬುದು ನೆನಪಿರಲಿ. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗಗಳನ್ನು ವಿಚಾರಿಸಬಹುದು. ಯಂತ್ರವನ್ನು ದುರಸ್ತಿಗೆ ಒಪ್ಪಿಸುವ ಮುನ್ನ ನಿಮ್ಮ ಕಡತಗಳೆಲ್ಲದರ ಪ್ರತಿಯನ್ನು ಬೇರೆಡೆ ತಪ್ಪದೆ ಇರಿಸಿಕೊಳ್ಳಿರಿ.