ಹೆದ್ದಾರಿಯೋ, ಪೇಟೆಬೀದಿಯೋ? ‘ಸಾರಿಗೆ’ ಪಾಠಕ್ಕೊಂದು ಸ್ಥಳೀಯ ಉದಾಹರಣೆ

‘ಸಾರಿಗೆ’ ಪಾಠವೆಂದರೆ ರಸ್ತೆ, ರೈಲು, ಜಲ, ವಾಯು ಎಂದು ವಿಧಗಳನ್ನು ಬರೆಸಿ ಮುಗಿಸುವುದು ವಾಡಿಕೆ. ಕುಮಟಾ, ಹೊನ್ನಾವರ, ಭಟ್ಕಳದ ಶಾಲೆಗಳಿಗೆ ಅಭ್ಯಾಸ ಪಾಠಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠೋಪಕರಣ ಊರಲ್ಲೇ ಇದೆ: ರಾಷ್ಟ್ರೀಯ ಹೆದ್ದಾರಿ 66.

ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಸಹ್ಯಾದ್ರಿ. ನಡುವಿನ ಕಿರಿದಾದ ಪಟ್ಟಿಯಲ್ಲೇ ಮನೆ, ಗದ್ದೆ, ಹೆದ್ದಾರಿ, ರೈಲು ಎಲ್ಲಕ್ಕೂ ಜಾಗ ಆಗಬೇಕು. ಹೀಗಾಗಿ ಒಂದೇ ರಸ್ತೆ ಎರಡು ಕೆಲಸ ಮಾಡುತ್ತದೆ. ಮಂಗಳೂರಿನಿಂದ ಗೋವಾಕ್ಕೆ ಹೋಗುವ ಲಾರಿಗೆ ಅದು ಹಾದುಹೋಗುವ ದಾರಿ. ಊರಿನವರಿಗೆ ಶಾಲೆಗೆ, ಮೀನುಪೇಟೆಗೆ, ಬಸ್ ನಿಲ್ದಾಣಕ್ಕೆ ಹೋಗುವ ಬೀದಿ. ಲಾರಿಗೆ ವೇಗ ಬೇಕು, ರಸ್ತೆ ದಾಟುವ ಮಗುವಿಗೆ ಸಮಯ ಬೇಕು.

ಇದನ್ನು ಕಪ್ಪುಹಲಗೆಯ ಮೇಲೆ ಲೆಕ್ಕ ಮಾಡಿ ತೋರಿಸಬಹುದು. ಎರಡು ಪಥಗಳ ಅಗಲ ಸುಮಾರು 7 ಮೀಟರ್. ಸೆಕೆಂಡಿಗೆ 1 ಮೀಟರ್ ನಡೆಯುವ ಮಗುವಿಗೆ ದಾಟಲು 7 ಸೆಕೆಂಡು ಬೇಕು. ಅಷ್ಟರಲ್ಲಿ ಗಂಟೆಗೆ 40 ಕಿ.ಮೀ. ವೇಗದ ವಾಹನ ಸುಮಾರು 78 ಮೀಟರ್, 80 ಕಿ.ಮೀ. ವೇಗದ್ದು ಸುಮಾರು 156 ಮೀಟರ್ ಬಂದಿರುತ್ತದೆ. ವೇಗ ಇಮ್ಮಡಿಯಾದರೆ, ಬ್ರೇಕ್ ಹಿಡಿದ ಮೇಲೆ ವಾಹನ ಓಡುವ ದೂರ ನಾಲ್ಕು ಪಟ್ಟಾಗುತ್ತದೆ. ಮಳೆಗಾಲದಲ್ಲಿ ಇನ್ನೂ ಹೆಚ್ಚು. ತಿರುವಿನಾಚೆಯ ವಾಹನ ಕಾಣದಿರುವಲ್ಲಿ ‘ನೋಡಿ ದಾಟು’ ಎಂಬ ಬುದ್ಧಿಮಾತೊಂದೇ ಸಾಲದು. ರಸ್ತೆಯ ವಿನ್ಯಾಸವೂ ಮಗುವನ್ನು ಕಾಯಬೇಕು.

ಅದಕ್ಕೆ ಬೇಕಾದದ್ದು ಊರಿನ ಓಡಾಟಕ್ಕೆ ಸರ್ವಿಸ್ ರಸ್ತೆ, ಪಾದಚಾರಿ ಮಾರ್ಗ, ಊರು ಹೊಗುವಲ್ಲೇ ವೇಗ ತಗ್ಗಿಸುವ ವ್ಯವಸ್ಥೆ. ನಡುವಿನ ವಿಭಜಕದಲ್ಲಿ ನಿಲ್ಲಲು ಜಾಗವಿದ್ದರೆ ಮಗು ಒಂದು ಸಲಕ್ಕೆ ಒಂದೇ ದಿಕ್ಕಿನ ವಾಹನಗಳನ್ನು ಗಮನಿಸಿದರೆ ಸಾಕು.

ಹಾದುಹೋಗುವ ಲಾರಿಗಳನ್ನೇ ಕಡಿಮೆ ಮಾಡುವ ದಾರಿಯೂ ಇದೆ. 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲು ಮಾರ್ಗದಲ್ಲಿ 1999ರಿಂದ ‘ರೋ-ರೋ’ ಸೇವೆ ಆರಂಭವಾಯಿತು. ಸರಕು ತುಂಬಿದ ಲಾರಿಯನ್ನೇ ರೈಲಿಗೆ ಹತ್ತಿಸಿ ಒಯ್ಯುವ ಏರ್ಪಾಡು ಇದು. ಸುರತ್ಕಲ್‌ನಲ್ಲಿ ರೈಲು ಹತ್ತಿ ಉತ್ತರಕ್ಕೆ ಹೋಗುವ ಲಾರಿ ಈ ಮೂರೂ ಊರುಗಳನ್ನು ಹೆದ್ದಾರಿಗಿಳಿಯದೆ ದಾಟುತ್ತದೆ; ಡೀಸೆಲ್ಲೂ ಉಳಿಯುತ್ತದೆ.

ಚಟುವಟಿಕೆ: ಮಕ್ಕಳು ಶಾಲೆಯ ಆವರಣದೊಳಗೇ ನಿಂತು, ಶಿಕ್ಷಕರ ಜೊತೆ 15 ನಿಮಿಷ ರಸ್ತೆಯನ್ನು ಗಮನಿಸಲಿ. ಒಂದು ಕಲಂನಲ್ಲಿ ವಾಹನಗಳು, ಇನ್ನೊಂದರಲ್ಲಿ ಜನರು. 40 ಜನರಿರುವ ಬಸ್ಸು ಒಂದೇ ವಾಹನ. ನಡೆದು ಹೋಗುವವರು ಮೊದಲ ಕಲಂನಲ್ಲಿ ಬರುವುದೇ ಇಲ್ಲ. ವಾಹನಗಳನ್ನಷ್ಟೇ ಎಣಿಸಿ ರಸ್ತೆ ಮಾಡಿದರೆ ಯಾರು ಬಿಟ್ಟುಹೋಗುತ್ತಾರೆ ಎಂಬುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ.

ಮೌಲ್ಯಮಾಪನ ಪ್ರಶ್ನೆ: ನಮ್ಮ ಶಾಲೆಯ ಬಳಿ ರಸ್ತೆ ದಾಟುವ ಜಾಗ ಎಲ್ಲಿರಬೇಕು? ಏಕೆ?