ಅಡಿಕೆ ಚೊಗರು ಮತ್ತು ಪ್ಯಾರಿಸ್ಸಿನ ಫ್ಯಾಷನ್

"ಅಮ್ಮಾ, ಈ ವರ್ಷ ಎಲ್ಲೆಲ್ಲೂ ಕಂದು ಬಣ್ಣದ್ದೇ ಫ್ಯಾಷನ್. ರಿಸೆಪ್ಷನ್‌ಗೆ ನಂಗೆ ಕಂದು ಲೆಹೆಂಗಾನೇ ಬೇಕು."

2025ರ ಸಂಕ್ರಾಂತಿಗೆ ಬೆಂಗಳೂರಿನಿಂದ ಬಂದ ಮಗಳು ಹೀಗೆಂದಾಗ ನಾನೂ ನಮ್ಮತ್ತೆಯವರೂ ಅಂಗಳದಲ್ಲಿ ಅಡಿಕೆ ಸುಲಿಯುತ್ತ ಕೂತಿದ್ದೆವು. ಅತ್ತೆಯವರ ಮೆಟ್ಟುಗತ್ತಿ ಹಾಗೇ ನಿಂತುಬಿಟ್ಟಿತು. "ಮದುವೆ ಮನೇಲಿ ಕಂದು ಬಣ್ಣವೇ? ಹಸಿರು, ಕೆಂಪು, ಅರಿಶಿನ ಎಲ್ಲ ಮುಗಿದು ಹೋಯ್ತೇನೇ?" ಎಂದರು.

ಮಗಳು ಮೊಬೈಲಿನಲ್ಲಿ ಚಿತ್ರ ತೋರಿಸಿದಳು. ಮಖಮಲ್ಲಿನ ಬಟ್ಟೆ, ಮೈತುಂಬ ಜರದೋಸಿ ಕೆಲಸ. ನೋಡಲು ಚೆಂದವೇ, ಸುಳ್ಳೇಕೆ ಹೇಳಲಿ? ಬೆಲೆ ಮಾತ್ರ 62,000 ರೂಪಾಯಿ. ಅದೂ ಯಾರೋ ದೊಡ್ಡ ವಿನ್ಯಾಸಕಾರರ ಉಡುಪಿನ ನಕಲಂತೆ. ಅಸಲಿಯದು ಲಕ್ಷಗಳ ಲೆಕ್ಕ! ಹಿಂದಿನ ಮಳೆಗಾಲದಲ್ಲಿ ಕೊಳೆರೋಗಕ್ಕೆ ನಮ್ಮ ಅರ್ಧ ಅಡಿಕೆ ಉದುರಿಹೋಗಿತ್ತು. ನಮ್ಮ ಮನೆಯವರು ಬೆಲೆ ಕೇಳಿದವರೇ ಏನೂ ಮಾತಾಡದೆ ಎದ್ದು ತೋಟದ ಕಡೆ ನಡೆದರು. ಅವರು ಬೈದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಆ ರಾತ್ರಿ ನನಗೊಂದು ಕುತೂಹಲ. ಈ ವರ್ಷ ಇದೇ ಬಣ್ಣ ಅಂತ ಹೇಳುವವರಾದರೂ ಯಾರು? ಮಗಳನ್ನೇ ಕೂರಿಸಿಕೊಂಡು ಕೇಳಿದೆ. ಆಮೇಲೆ ನಾನೂ ಒಂದಿಷ್ಟು ಓದಿ ತಿಳಿದುಕೊಂಡೆ. ಅಮೆರಿಕದಲ್ಲಿ ಪ್ಯಾಂಟೋನ್ ಎಂಬ ಕಂಪನಿಯಿದೆ. ಬಣ್ಣಗಳಿಗೆ ನಂಬರು ಕೊಡುವುದು ಅದರ ಕಸುಬು. 2000ನೇ ಇಸವಿಯಿಂದ ಅದು ವರ್ಷಕ್ಕೊಂದು ಬಣ್ಣ ಸಾರುತ್ತ ಬಂದಿದೆ. 2025ಕ್ಕೆ ಆರಿಸಿದ್ದು 'ಮೋಕಾ ಮೂಸ್', ಅಂದರೆ ಹಾಲು ಬೆರೆಸಿದ ಕಾಫಿಯಂಥ ಕಂದು. ಅಲ್ಲಿ ಸಾರಿದ್ದು ನಮ್ಮ ಕುಪ್ಪಗಡ್ಡೆಯ ಅಂಗಳಕ್ಕೆ ತಿಂಗಳೊಪ್ಪತ್ತಿನಲ್ಲಿ ಬಂದು ಮುಟ್ಟಿತ್ತು ನೋಡಿ!

ವಿನ್ಯಾಸಕಾರರು ತಮ್ಮ ಹೆಸರಿನಲ್ಲೇ ಉಡುಪು ಮಾರುವ ಪದ್ಧತಿಗೂ ಬಹಳ ವಯಸ್ಸಾಗಿಲ್ಲ. ಚಾರ್ಲ್ಸ್ ಫ್ರೆಡರಿಕ್ ವರ್ತ್ ಎಂಬ ಇಂಗ್ಲೆಂಡಿನವನು 1858ರಲ್ಲಿ ಪ್ಯಾರಿಸ್ಸಿನಲ್ಲಿ ಅಂಗಡಿ ಇಟ್ಟ. ಅದುವರೆಗೆ ಹೆಂಗಸರು ಹೇಳಿದಂತೆ ದರ್ಜಿ ಹೊಲಿಯುತ್ತಿದ್ದ. ಈತ ತಾನೇ ಮಾದರಿ ಹೊಲಿದು, ಹುಡುಗಿಯರಿಗೆ ತೊಡಿಸಿ ತೋರಿಸಿ, 'ಇದರಲ್ಲಿ ಆರಿಸಿಕೊಳ್ಳಿ' ಎಂದ. 1947ರಲ್ಲಿ ಕ್ರಿಶ್ಚಿಯನ್ ದಿಯೋರ್ ಎಂಬಾತ ಸಣ್ಣ ನಡು, ಅಗಲದ ಲಂಗ ತಂದಾಗ, ಯುದ್ಧದಲ್ಲಿ ಬಟ್ಟೆಯ ರೇಷನ್ ಕಂಡಿದ್ದ ಯೂರೋಪಿನಲ್ಲಿ ಇಷ್ಟು ಬಟ್ಟೆ ದಂಡವೇ ಎಂದು ಜಗಳವೇ ಆಯಿತು. ಅದೇ ದಿಯೋರ್ ಸಂಸ್ಥೆ 2023ರ ಮಾರ್ಚ್ 30ರಂದು ಮುಂಬಯಿಯ ಗೇಟ್‌ವೇ ಆಫ್ ಇಂಡಿಯಾದ ಮುಂದೆ ಪ್ರದರ್ಶನ ನಡೆಸಿತು. ಅಲ್ಲಿನ ಕಸೂತಿಯಲ್ಲಿ ಬಹುಪಾಲು ಮುಂಬಯಿಯ ಕೈಗಳದ್ದೇ. ನಮ್ಮ ದೇಶದಲ್ಲಿ ಮೊದಲ 'ಫ್ಯಾಷನ್ ವೀಕ್' ನಡೆದದ್ದು 2000ದಲ್ಲಿ, ದೆಹಲಿಯಲ್ಲಿ.

ಇವರ ಪಂಚಾಂಗದಲ್ಲಿ ವರ್ಷಕ್ಕೆ ಎರಡೇ ಋತು: 'ವಸಂತ-ಬೇಸಿಗೆ', 'ಶರತ್-ಚಳಿಗಾಲ'. ಬೇಸಿಗೆಯ ಉಡುಪನ್ನು ಹಿಂದಿನ ಸೆಪ್ಟೆಂಬರ್-ಅಕ್ಟೋಬರಿನಲ್ಲೇ ತೋರಿಸುತ್ತಾರೆ, ಚಳಿಗಾಲದ್ದನ್ನು ಫೆಬ್ರವರಿ-ಮಾರ್ಚಿನಲ್ಲಿ. ಅಂಗಡಿಯವರು ಬೇಡಿಕೆ ಸಲ್ಲಿಸಿ ಬಟ್ಟೆ ಹೊಲಿಸಲು ಆರು ತಿಂಗಳಾದರೂ ಬೇಕಲ್ಲ, ಅದಕ್ಕೆ. ಆದರೆ ಸೋದರಿಯರೇ, ಮಳೆಗಾಲ ಎಲ್ಲಿ? ಸೊರಬದ ಕಡೆಯವರಿಗೆ ಇರುವುದೇ ಮಳೆಗಾಲ, ಉಳಿದದ್ದೆಲ್ಲ ಅದರ ಆಚೀಚೆ! ಸಸಿ ನೆಡುವಾಗ ಬೆನ್ನಿಗೆ ಗೊರಬು, ತೋಟಕ್ಕೆ ಹೋಗುವಾಗ ಕಂಬಳಿಕೊಪ್ಪೆ. ಇವೇ ನಮ್ಮ ಹಿರಿಯರ ಋತುಮಾನದ ಉಡುಪು. ಅವಕ್ಕೆ ಯಾವ ವಿನ್ಯಾಸಕಾರನ ಹೆಸರೂ ಇಲ್ಲ.

ಪಾಲಿಯೆಸ್ಟರ್ ಸೀರೆಯನ್ನು ಕಂಡರೆ ಮೂಗು ಮುರಿಯುವವರಿಗೂ ಒಂದು ಮಾತು. ನನ್ನ ತವರಿನಲ್ಲಿ ಮೊದಲ ಪಾಲಿಯೆಸ್ಟರ್ ಸೀರೆ ಬಂದಾಗ ಅಮ್ಮ ಹಬ್ಬದಂತೆ ಸಂಭ್ರಮಿಸಿದ್ದಳು. ರಾತ್ರಿ ಹರವಿದರೆ ಬೆಳಿಗ್ಗೆ ಒಣಗಿರುತ್ತಿತ್ತು. ಆಷಾಢದಲ್ಲಿ ಆರು ಗಜದ ಹತ್ತಿ ಸೀರೆಯನ್ನು ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗಕ್ಕೆ ನಾಲ್ಕು ದಿನ ಹಾಕಿ, ಕೊನೆಗೆ ಹೊಗೆ ವಾಸನೆಯ ಹಸಿ ಸೀರೆಯನ್ನೇ ಉಟ್ಟವರಿಗೆ ಆ ಸುಖ ಗೊತ್ತು.

ಮಗಳು ತೋರಿಸಿದ ಮಖಮಲ್ಲಿನ ಲೆಹೆಂಗಾದ ತೊಂದರೆಯೂ ಇದೇ. ಅದು ದೆಹಲಿ ಕಡೆಯವರು ನವೆಂಬರ್‌ನಿಂದ ಫೆಬ್ರವರಿಯವರೆಗೆ, ಮೈ ನಡುಗುವ ಚಳಿಯಲ್ಲಿ ಮಾಡುವ ಮದುವೆಗಳಿಗೆ ಹೇಳಿಸಿದ್ದು. ಇವಳ ಮದುವೆ ಮೇ ತಿಂಗಳಲ್ಲಿ, ತಗಡಿನ ಚಪ್ಪರದಡಿ! ಇದನ್ನು ಹೇಳಿದ್ದಕ್ಕೆ "ನಿಂಗೆ ದುಡ್ಡಿನ ಚಿಂತೆ, ಸೆಕೆಯ ನೆಪ" ಎಂದಳು. ಎರಡೂ ನಿಜವೇ ಆಗಿದ್ದರಿಂದ ನಾನು ಸುಮ್ಮನಾದೆ.

ಫೆಬ್ರವರಿಯಲ್ಲಿ ಮದುವೆ ಜವಳಿಗೆಂದು ಸಾಗರಕ್ಕೆ ಹೋದವರು ಹಾಗೇ ಹೆಗ್ಗೋಡಿಗೂ ಹೋಗಿಬಂದೆವು. ಅಲ್ಲಿ ಭೀಮನಕೋಣೆಯಲ್ಲಿ 'ಚರಕ' ಎಂಬ ಮಹಿಳಾ ಸಹಕಾರ ಸಂಘವಿದೆ. ರಂಗನಿರ್ದೇಶಕ ಪ್ರಸನ್ನ ಅವರ ಮುಂದಾಳತ್ವದಲ್ಲಿ 1996ರಲ್ಲಿ ಆರಂಭವಾದದ್ದು. ಸುತ್ತಲ ಹಳ್ಳಿಗಳ ಹೆಂಗಸರು ನೂಲಿಗೆ ಬಣ್ಣ ಹಾಕಿ, ಮಗ್ಗದಲ್ಲಿ ನೇಯ್ದು, ಹೊಲಿದು ಕೊಡುತ್ತಾರೆ. 'ದೇಸಿ' ಅಂಗಡಿಗಳಲ್ಲಿ ಮಾರಾಟ.

ಬಣ್ಣ ಎಲ್ಲಿಯದು ಗೊತ್ತೇ? ದಾಳಿಂಬೆ ಸಿಪ್ಪೆಯಿಂದ ಹಳದಿ, ನೀಲಿ ಗಿಡದಿಂದ ನೀಲಿ. ಮತ್ತೆ ನಮ್ಮ ಅಡಿಕೆ ಚೊಗರು! ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಆ ಮಂದ ನೀರಿನಿಂದ ಕೆಂಪು ಬೆರೆತ ಕಂದು ಬರುತ್ತದೆ. ಚೊಗರಿನಲ್ಲಿರುವ ಒಗರೇ ಬಣ್ಣವನ್ನು ನೂಲಿಗೆ ಕಚ್ಚಿಸುವುದು. ಆ ಒಗರಿಗೆ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ಅಡಿಕೆ ಸುಲಿದ ನಮ್ಮ ಬೆರಳು ಕಪ್ಪಾಗುವುದೂ ಹಾಗೆಯೇ, ಕತ್ತಿಯ ಕಬ್ಬಿಣದಿಂದ. ಇಷ್ಟು ವರ್ಷ ಸುಲಿದರೂ ಕಾರಣ ತಿಳಿದಿರಲಿಲ್ಲ ನನಗೆ.

ಮಗಳು ಅಲ್ಲೊಂದು ಚೊಗರು ಬಣ್ಣದ ಹತ್ತಿ ಸೀರೆ ಹಿಡಿದು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಳು. ಮನೆಗೆ ತಂದು ತೋರಿಸಿದಾಗ ಅತ್ತೆಯವರು ಸೆರಗು ಹಿಡಿದು ನೋಡಿ, "ಅಯ್ಯೋ, ಇದು ಅಡಿಕೆ ಕಲೆಯಲ್ವೇನೇ! ಐವತ್ತು ವರ್ಷ ಕಲ್ಲಿಗೆ ಕುಕ್ಕಿ ಕುಕ್ಕಿ ತೆಗೆಯಕ್ಕೆ ನೋಡಿದ್ದು ಇದನ್ನೇ. ಈಗ ದುಡ್ಡು ಕೊಟ್ಟು ತಂದ್ಯಾ?" ಎಂದು ನಕ್ಕರು.

ಕೈಮಗ್ಗದ ಬಟ್ಟೆ ಅಗ್ಗವಲ್ಲ, ಬೇಗ ಸುಕ್ಕಾಗುತ್ತದೆ ಎಂಬುದನ್ನು ಮುಚ್ಚಿಡಲಾರೆ. ಆದರೆ ಆ ಬೆಲೆಯಲ್ಲಿ ನಮ್ಮಂಥ ಹೆಂಗಸರ ಕೂಲಿಯಿದೆ. ಅವರ ದಾರಿಯೂ ಸುಲಭದ್ದಾಗಿರಲಿಲ್ಲ. 2017ರಲ್ಲಿ ಕೈಉತ್ಪನ್ನಗಳಿಗೆ ಜಿಎಸ್‌ಟಿ ಬೇಡವೆಂದು ಪ್ರಸನ್ನ ಉಪವಾಸ ಕೂತಿದ್ದರು. 2020ರ ಕೊರೋನಾ ವರ್ಷದಲ್ಲಿ ಮಾರಾಟವಿಲ್ಲದೆ ಚರಕವೇ ದೊಡ್ಡ ಸಂಕಷ್ಟಕ್ಕೆ ಸಿಕ್ಕಿತ್ತು.

ಇಂಥ ಸೀರೆ ಕೊಂಡವರು ಮೊದಲ ಒಗೆತದಲ್ಲಿ ಬೇರೆ ಬಟ್ಟೆಗಳ ಜೊತೆ ಸೇರಿಸಬೇಡಿ. ಸೋಪುಪುಡಿಯಲ್ಲಿ ನೆನೆಹಾಕದೆ, ಅಂಟುವಾಳದ ನೀರಿನಲ್ಲೋ ತೆಳು ಸೋಪಿನಲ್ಲೋ ಜಾಲಿಸಿ ನೆರಳಲ್ಲಿ ಹರವಿ. ಲಿಂಬೆ, ಹುಣಸೆಯ ಹುಳಿ ಬಿದ್ದರೆ ಕೂಡಲೇ ತೊಳೆಯಿರಿ, ಇಲ್ಲವಾದರೆ ಬಣ್ಣ ಮಾಸುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಟ್ರಂಕಿನೊಳಗೂ ಬೂಷ್ಟು ಬರುತ್ತದಲ್ಲ, ಪೂರ್ತಿ ಒಣಗದ್ದನ್ನು ಮಡಿಸಿ ಇಡಲೇಬೇಡಿ. ಜರಿ ಸೀರೆಯಾದರೆ ಹಳೇ ಪಂಚೆಯಲ್ಲಿ ಸುತ್ತಿ; ನುಸಿಗುಳಿಗೆ ಜರಿಗೆ ತಾಗಿದರೆ ಜರಿ ಕಪ್ಪಾದೀತು.

ಲೆಹೆಂಗಾ ಏನಾಯಿತು ಎಂದು ಕೇಳುತ್ತೀರಾ? ಮಗಳೇ ದಾರಿ ಹುಡುಕಿದಳು. ಶಿವಮೊಗ್ಗದಲ್ಲಿ ಒಂದು ಸಂಜೆಗೆ 4,000 ರೂಪಾಯಿ ಬಾಡಿಗೆಗೆ ಕಂದು ಲೆಹೆಂಗಾ ಸಿಕ್ಕಿತು. ಬಾಡಿಗೆ ಬಟ್ಟೆ ಎಂದು ನನಗೆ ಸ್ವಲ್ಪ ಅವಮಾನವೇ ಆಯಿತು, ಅವಳಿಗೆ ಆಗಲಿಲ್ಲ. ಊಟದ ಹೊತ್ತಿಗೆ ಬೆವರಿ, ಒಳಗೆ ಹೋಗಿ ಅದನ್ನು ಕಳಚಿ, ಚೊಗರು ಬಣ್ಣದ ಸೀರೆ ಉಟ್ಟು ಬಂದಳು. ನಮ್ಮ ಮನೆಯವರು ಆ ಸೀರೆಯಲ್ಲೇ ಅವಳನ್ನು ಪಕ್ಕಕ್ಕೆ ಕರೆದು ಒಂದು ಫೋಟೋ ತೆಗೆಸಿಕೊಂಡರು.

ಮುಂದಿನ ಅಡಿಕೆ ಕೊಯ್ಲಿನಲ್ಲಿ ಅತ್ತೆಯವರು ಯಾರಿಗೂ ಹೇಳದೆ ಹಳೆಯ ಬಿಳಿ ಪಂಚೆಯೊಂದನ್ನು ಚೊಗರಿನ ಹಂಡೆಯಲ್ಲಿ ಅದ್ದಿದ್ದರು. ಬಣ್ಣ ಸಮನಾಗಿ ಹಿಡಿಯದೆ ಅಲ್ಲೊಂದು ಇಲ್ಲೊಂದು ದೊಡ್ಡ ಮಚ್ಚೆಯಾಯಿತು. ಫೋಟೋ ನೋಡಿದ ಮಗಳು, "ಅಜ್ಜಿ, ಅದನ್ನ ಒಗೀಬೇಡಿ, ನಂಗೆ ದುಪ್ಪಟ್ಟಾಕ್ಕೆ ಬೇಕು" ಎಂದು ಫೋನು ಮಾಡಿದಳು.